ಮಿಸಾಕಿಗೆ ಬಲಗಡೆ ಎನ್ನುವ ಕಲ್ಲು

ಜಪಾನಿಗೆ ಬರುವ ನಮ್ಮವರಿಗೆ ನೋಡಬೇಕಾದದ್ದು ನಾಲ್ಕೇ ನಾಲ್ಕು: ಫ್ಯೂಜಿ ಪರ್ವತ, ದೊಡ್ಡ ಕೆಂಪು ಲಾಟೀನು ತೂಗುವ ದೇವಸ್ಥಾನ, ಕ್ಯೋಟೋದ ಚಿನ್ನದ ಮಂಟಪ, ನಾರಾದ ಜಿಂಕೆಗಳು. ಬಂದವರು ಟೋಕಿಯೋದ ಎಡೋಗಾವಾದಲ್ಲಿರುವ ನಮ್ಮ ಎರಡು ಕೋಣೆಯ ಮನೆಯಲ್ಲಿ ಚಿತ್ರಾನ್ನ ತಿಂದು, ನಾಲ್ಕನ್ನೂ ಮುಗಿಸಿ, ಜಪಾನ್ ನೋಡಿಯಾಯಿತು ಎಂದು ವಿಮಾನ ಹತ್ತುತ್ತಾರೆ. ಮೊದಮೊದಲು ನಾನೇ ಕರೆದುಕೊಂಡು ಹೋಗುತ್ತಿದ್ದೆ. ಆರನೆಯ ಸಲ ಜಿಂಕೆಯೊಂದು ನನ್ನ ಅಂಗಿಯ ತುದಿ ಜಗಿದ ಮೇಲೆ ಸಾಕಪ್ಪಾ ಸಾಕು ಅನ್ನಿಸಿತು. ಅಲ್ಲಿಂದ ಮುಂದೆ ನನ್ನದೇ ಒಂದು ಪಟ್ಟಿ ಮಾಡಲು ಶುರುಮಾಡಿದೆ, ಯಾರೂ ಹೋಗದ ಜಾಗಗಳ ಪಟ್ಟಿ.

ಪಟ್ಟಿಯ ಬಹುಪಾಲು ಮಿಯುರಾ ಕರಾವಳಿಯದು. ಟೋಕಿಯೋದಿಂದ ದಕ್ಷಿಣಕ್ಕೆ ಎರಡು ಗಂಟೆಯ ರೈಲು, ಆಮೇಲೆ ಗಂಟೆಗೊಂದು ಬಸ್ಸು. ಪೊದೆ ಮುಚ್ಚಿದ ಇಟ್ಟಿಗೆಯ ಫಿರಂಗಿ ಕಟ್ಟೆಗಳು, ಬಂಡೆಯಲ್ಲಿ ಕೊರೆದ ಗುಹೆಗಳು, ಎಲೆಕೋಸಿನ ಹೊಲದ ನಡುವೆ ಯಾವ ಕಾಲದ್ದೋ ಸಮಾಧಿ. ಟಿಕೆಟ್ಟಿಲ್ಲ, ಕ್ಯೂ ಇಲ್ಲ, ಶೌಚಾಲಯವೂ ಇಲ್ಲ. ಹೋಗುವವರು ನಿಲ್ದಾಣದ ಬಳಿಯ ಕೊಂಬಿನಿ ಎಂಬ ಹಗಲುರಾತ್ರಿಯ ಅಂಗಡಿಯಲ್ಲಿ ಎಲ್ಲ ಮುಗಿಸಿಕೊಂಡು, ಎರಡು ಅನ್ನದುಂಡೆ ಕಟ್ಟಿಸಿಕೊಂಡು ಹೋಗಬೇಕು. ನಾನು ಸಾಫ್ಟ್‌ವೇರ್ ಟೆಸ್ಟಿಂಗಿನವನು. ಹನ್ನೊಂದು ವರ್ಷದಿಂದ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಭಾನುವಾರವಾದರೂ ತಪ್ಪಿಲ್ಲದ ಕಡೆ ಇರೋಣ ಎಂದು ಹೋಗುತ್ತಿದ್ದೆ, ಅಷ್ಟೆ.

ಅಲ್ಲಿ ಮೊದಲ ತಪ್ಪು ಮಾಡಿದ್ದೂ ನಾನೇ. ಮಿಯುರಾದ ರಸ್ತೆಬದಿಗಳಲ್ಲಿ ಸೊಂಟದೆತ್ತರದ ಹಳೆಯ ಕಲ್ಲುಗಳಿವೆ. ಮೇಲ್ಭಾಗದಲ್ಲಿ ಆರು ಕೈಯ ಉಗ್ರ ದೇವತೆ, ಬುಡದಲ್ಲಿ ಸಾಲಾಗಿ ಮೂರು ಕೋತಿ. ನಾನು ಮೊದಲು ಕಂಡದ್ದು ಒಂದು ಶನಿವಾರ. ಶನಿವಾರ, ಕಲ್ಲು, ಕೋತಿ ಮೂರೂ ಒಟ್ಟಿಗೆ ಸಿಕ್ಕರೆ ಮೈಸೂರಿನವನಿಗೆ ಇನ್ನೇನು ಹೊಳೆಯಬೇಕು? ಶೂ ಬಿಚ್ಚಿ ಕೈಮುಗಿದೆ. ಮನೆಗೆ ಬಂದು ಕನ್ನಡ ಬಳಗದ ವಾರ್ಷಿಕ ಸಂಚಿಕೆಗೆ, ಜಪಾನಿನ ಕಡಲ ತೀರದಲ್ಲಿ ಆಂಜನೇಯ, ಎಂದು ಎರಡು ಪುಟ ಬರೆದೆ. ಅದನ್ನು ಓದಿದ ಮೂರು ಸಂಸಾರಗಳು ಮುಂದಿನ ಶನಿವಾರವೇ ಹೋಗಿ ಕಲ್ಲಿಗೆ ಉದ್ದಿನವಡೆಯ ಹಾರ ಹಾಕಿ, ಫೋಟೊ ತೆಗೆದು ಗ್ರೂಪಿಗೆ ಕಳಿಸಿದವು.

ನನ್ನ ಪಕ್ಕದ ಮೇಜಿನ ಜಪಾನಿ ಸಹೋದ್ಯೋಗಿ, ಹೆಸರಿಗೆ ಗೌರವದ ‘ಸಾನ್’ ಹಚ್ಚದೆ ನಾನು ಎಂದೂ ಕರೆಯದ ಹಿರಿಯರು, ಆ ಫೋಟೊವನ್ನು ಬಹಳ ಹೊತ್ತು ನೋಡಿದರು. ವಡೆಯನ್ನು ತೋರಿಸಿ, ‘ಡೋನಟ್?’ ಎಂದರು. ಆಮೇಲೆ ತಮ್ಮ ನಿಧಾನದ ಇಂಗ್ಲಿಷಿನಲ್ಲಿ ವಿವರಿಸಿದರು. ಅವು ಕೋಶಿನ್ ಕಲ್ಲುಗಳು. ಅರವತ್ತು ದಿನಕ್ಕೊಮ್ಮೆ ಕೋಶಿನ್ ಎಂಬ ದಿನ ಬರುತ್ತದೆ. ಅವತ್ತು ನಿದ್ದೆ ಮಾಡಿದರೆ ನಮ್ಮ ಮೈಯೊಳಗಿನ ಮೂರು ಹುಳುಗಳು ಮೇಲೆ ಹೋಗಿ ನಮ್ಮ ತಪ್ಪುಗಳನ್ನೆಲ್ಲ ದೇವರಿಗೆ ಚಾಡಿ ಹೇಳುತ್ತವಂತೆ. ಅದಕ್ಕೇ ಹಿಂದಿನವರು ಊರಿಗೆ ಊರೇ ಒಂದು ಮನೆಯಲ್ಲಿ ಸೇರಿ, ನಾವು ಶಿವರಾತ್ರಿಗೆ ಮಾಡುವಂತೆ ಜಾಗರಣೆ ಮಾಡುತ್ತಿದ್ದರಂತೆ. ಹಾಗೆ ಮೂರು ವರ್ಷ ನಡೆಸಿದ್ದರ ಗುರುತಿಗೆ ಒಂದು ಕಲ್ಲು. ಹನುಮಂತನಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಅವರು ನಗಲಿಲ್ಲ. ನಕ್ಕಿದ್ದರೆ ಇಷ್ಟು ಮಾನ ಹೋಗುತ್ತಿರಲಿಲ್ಲ. ಇನ್ನು ಮೇಲೆ ಅಲ್ಲಿಯವರನ್ನು ವಿಚಾರಿಸದೆ ಒಂದು ಸಾಲೂ ಬರೆಯುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ವಿಚಾರಿಸಲು ಭಾಷೆ ಬೇಕಲ್ಲ. ಬಂದ ವರ್ಷ ಜಪಾನೀ ತರಗತಿಗೆ ಸೇರಿ ಆರು ಪಾಠಕ್ಕೇ ಬಿಟ್ಟವನು ನಾನು. ಮನೆಯಲ್ಲಿ ಜಪಾನೀ ಬರುವುದು ಮಗಳಿಗೆ. ನಾಲ್ಕು ವರ್ಷದವಳಾಗಿ ಬಂದವಳಿಗೆ ಈಗ ಹದಿನೈದು. ಎಂಟನೆಯ ವಯಸ್ಸಿನಿಂದಲೇ ವಾರ್ಡ್ ಆಫೀಸು, ಹಲ್ಲಿನ ಡಾಕ್ಟರು, ಗ್ಯಾಸಿನವನು, ಎಲ್ಲರ ಮುಂದೆಯೂ ನಮ್ಮ ಪರವಾಗಿ ಅವಳೇ ಮಾತಾಡಿದ್ದಾಳೆ. ಇಲ್ಲಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಹೀಗೆಯೇ. ಅಪ್ಪ ಅಮ್ಮ ಹಿಂದೆ ನಿಂತು ಕನ್ನಡದಲ್ಲಿ ಹೇಳಿಕೊಡುತ್ತಾರೆ, ಮಗು ಮುಂದೆ ನಿಂತು ಜಪಾನಿಯಲ್ಲಿ ತಲೆ ಬಾಗಿಸುತ್ತದೆ. ಇತ್ತೀಚೆಗೆ ಮಾತ್ರ, ‘ಅಪ್ಪ, ಐ ಆ್ಯಮ್ ನಾಟ್ ಯುವರ್ ಆ್ಯಪ್’ ಎಂದು ಮುಖ ತಿರುಗಿಸುತ್ತಿದ್ದಳು.

ಆ ಡಿಸೆಂಬರಿನ ಹೊತ್ತಿಗೆ ಒಂದು ನಿರ್ಧಾರವಾಗಿತ್ತು. ಮಾರ್ಚಿನಲ್ಲಿ ಅವಳ ಮಿಡ್ಲ್ ಸ್ಕೂಲು ಮುಗಿಯುತ್ತದೆ. ಇಲ್ಲಿ ಹೈಸ್ಕೂಲಿಗೆ ಹೋಗಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಅದನ್ನು ಬರೆಯದೆ ಅವಳು ಮೈಸೂರಿಗೆ ಹೋಗಿ, ನನ್ನ ಅಕ್ಕನ ಮನೆಯಲ್ಲಿದ್ದುಕೊಂಡು ಹತ್ತನೆಯ ತರಗತಿ ಮುಗಿಸಿ ಪಿಯುಸಿ ಓದುವುದು. ನಿರ್ಧಾರವಾಗಿತ್ತು ಎಂದೆನಲ್ಲ, ಮಾಡಿದ್ದು ನಾನು. ಅವಳ ಕನ್ನಡ ದಿನದಿನಕ್ಕೆ ಇಂಗುತ್ತಿತ್ತು. ನಾವು ಎಂದಾದರೂ ಹಿಂತಿರುಗುವವರೇ, ಅವಳು ಈಗಲೇ ಹೋಗಿ ಬೇರು ಬಿಡಲಿ ಎಂದು ನನ್ನ ಯೋಚನೆ. ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಪಾಠ ಹೇಳುವ ನನ್ನ ಹೆಂಡತಿ, ‘ಅವಳು ಖುಷಿಯಾಗಿ ಹೋಗ್ತೀನಿ ಅಂದ್ರೆ ನಂದೇನೂ ಅಡ್ಡಿ ಇಲ್ಲಪ್ಪ’ ಎಂದಿದ್ದಳು. ಮಗಳು ಒಪ್ಪಿದ್ದಾಳೆ ಎಂದು ನಾನು ಹೆಂಡತಿಗೂ ಹೇಳಿದ್ದೆ, ಅಕ್ಕನಿಗೂ ಹೇಳಿದ್ದೆ.

ಮಾರ್ಚ್ ಕಳೆದ ಮೇಲೆ ನನಗೆ ದುಭಾಷಿ ಇರುವುದಿಲ್ಲ. ಪಟ್ಟಿಯಲ್ಲಿ ಉಳಿದ ಜಾಗಗಳನ್ನು ಅಷ್ಟರಲ್ಲಿ ಮುಗಿಸಿಬಿಡಬೇಕು ಎಂದು ಒಂದು ಭಾನುವಾರ ಅವಳನ್ನು ಎಬ್ಬಿಸಿ ಹೊರಡಿಸಿದೆ. ಇದು ಸ್ವಾರ್ಥ ಎಂದು ನನಗೇ ಗೊತ್ತಿತ್ತು.

ರೈಲಿನಲ್ಲಿ ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕಿಟಕಿಗೆ ತಲೆಯಾನಿಸಿದಳು. ಕೊನೆಯ ನಿಲ್ದಾಣಕ್ಕೆ ಒಂದು ಮೊದಲು ಇಳಿದೆವು. ಡಿಸೆಂಬರಿನಲ್ಲಿ ಅಲ್ಲಿನ ಮರಳಿನ ಮೇಲೆ ಬಿದಿರಿನ ಅಟ್ಟಣಿಗೆ ಕಟ್ಟಿ, ಉಪ್ಪಿನಕಾಯಿಗೆಂದು ಸಾವಿರಾರು ಮೂಲಂಗಿಗಳನ್ನು ಗಾಳಿಗೆ ನೇತುಹಾಕಿರುತ್ತಾರೆ. ಇಡೀ ತೀರ ಮೂಲಂಗಿಯ ವಾಸನೆ. ನನಗೆ ಹುಳಿಯ ನೆನಪಾಗಿ ಹಸಿವಾಯಿತು. ಮಗಳು ಮೂಗು ಮುಚ್ಚಿಕೊಂಡಳು.

ಮೊದಲು ಗುಹೆಗಳಿಗೆ ಹೋದೆವು. ಸಣ್ಣ ಕೊಲ್ಲಿಯೊಂದರ ಅಂಚಿನ ಬಂಡೆಯಲ್ಲಿ, ನೀರಿಗೆ ಮುಖ ಮಾಡಿಕೊಂಡ ಬಾಯಿಗಳು. ಯುದ್ಧದ ಕೊನೆಯಲ್ಲಿ, ಸಿಡಿಮದ್ದು ತುಂಬಿಕೊಂಡು ಶತ್ರುವಿನ ಹಡಗಿಗೆ ಗುದ್ದಿ ತಾವೂ ಸಾಯಬೇಕಾದವರ ದೋಣಿಗಳನ್ನು ಬಚ್ಚಿಡಲು ಕೊರೆದದ್ದು. ಈಗ ಒಳಗೆ ಮೀನಿನ ಬಲೆ, ನೀಲಿ ಪ್ಲಾಸ್ಟಿಕ್ ತೊಟ್ಟಿ, ತುಕ್ಕು ಹಿಡಿದ ಸೈಕಲ್ಲು. ಫಲಕವೂ ಇಲ್ಲ. ನಾನು ಅಗಲ ಆಳವನ್ನು ಹೆಜ್ಜೆಯಲ್ಲಿ ಅಳೆದು ಬರೆದುಕೊಂಡೆ. ಅವಳು ಇಯರ್‌ಫೋನ್ ತೆಗೆದು ಒಳಗೆ ನೋಡುತ್ತ ನಿಂತಳು.

‘ಹಿಸ್ಟರಿ ಕ್ಲಾಸಲ್ಲಿ ಹೇಳಿದ್ರು,’ ಎಂದಳು. ‘ಕೆಲವರು ನನಗಿಂತ ಟೂ ಇಯರ್ಸ್ ದೊಡ್ಡವರು, ಅಷ್ಟೆ.’

ನಾನು ಅದನ್ನೂ ಬರೆದುಕೊಂಡೆ.

ಕಲ್ಲುಗಳು ಇದ್ದದ್ದು ಅಲ್ಲಿಂದ ಅರ್ಧ ಗಂಟೆಯ ನಡಿಗೆಯಲ್ಲಿ, ಕಡಲಿಗೆ ಅಂಟಿಕೊಂಡ ರಸ್ತೆಯ ಬದಿಯಲ್ಲಿ. ನನ್ನ ಹತ್ತಿರ ಸಹೋದ್ಯೋಗಿ ತೆಗೆದುಕೊಟ್ಟಿದ್ದ ಹಳೆಯ ನಕ್ಷೆಯ ಪ್ರತಿ ಇತ್ತು. ಅದರಲ್ಲಿ ಒಂಬತ್ತು ಕಲ್ಲುಗಳು ಊರಿನ ಬೇರೆಬೇರೆ ಕವಲುದಾರಿಗಳಲ್ಲಿದ್ದವು. ಬಂದು ನೋಡಿದರೆ ಎಂಟು ಕಲ್ಲುಗಳನ್ನು ಸಿಮೆಂಟಿನ ಜಗುಲಿಯ ಮೇಲೆ, ಶಾಲೆಯ ಗ್ರೂಪ್ ಫೋಟೊಗೆ ನಿಲ್ಲಿಸಿದ ಹಾಗೆ, ಒತ್ತೊತ್ತಾಗಿ ನಿಲ್ಲಿಸಿದ್ದಾರೆ! ಒಂದರ ಪಕ್ಕದಲ್ಲಿ ಅಕ್ಷರ ಕೆತ್ತಿತ್ತು. ಮಗಳು ಬೆರಳಾಡಿಸಿ ಓದಿದಳು, ‘ರೈಟ್‌ಗೆ ಹೋದ್ರೆ ಮಿಸಾಕಿ ಅಂತ ಇದೆ.’ ಮಿಸಾಕಿ ಎಂದರೆ ಈ ಕರಾವಳಿಯ ತುದಿಯ ಬಂದರು. ಹಿಂದಿನ ಕಾಲದಲ್ಲಿ ಈ ಕಲ್ಲುಗಳೇ ದಾರಿಹೋಕರಿಗೆ ಕೈಮರವೂ ಆಗಿದ್ದವು. ಕಲ್ಲಿನ ಬಲಕ್ಕೆ ನೋಡಿದೆ. ಒಂದು ತಡೆಗೋಡೆ, ಅದರಾಚೆ ಸಮುದ್ರ. ಆ ಕಲ್ಲನ್ನು ನಂಬಿ ಹೊರಟವನು ಮಿಸಾಕಿ ತಲುಪುವುದಿಲ್ಲ, ಮುಳುಗುತ್ತಾನೆ.

ನನಗೆ ರೇಗಿಹೋಯಿತು. ಅಷ್ಟರಲ್ಲಿ ರಬ್ಬರ್ ಬೂಟು ಹಾಕಿಕೊಂಡ ಮುದುಕರೊಬ್ಬರು ಬಕೆಟ್ಟು ಹಿಡಿದು ಬಂದು ಕಲ್ಲಿನ ಮುಂದಿನ ಹೂವು ಬದಲಾಯಿಸತೊಡಗಿದರು. ಎಂಬತ್ತರ ಹತ್ತಿರದವರು, ಕೈತುಂಬ ಮೂಲಂಗಿ ಹೊಲದ ಮಣ್ಣು.

‘ಕೇಳು ಅವರನ್ನ,’ ಎಂದೆ ಮಗಳಿಗೆ. ‘ಇದನ್ನೆಲ್ಲ ಕಿತ್ತು ತಂದು ಇಲ್ಲಿ ಗುಡ್ಡೆ ಹಾಕಿದ್ಯಾರು ಅಂತ.’

‘ಅಪ್ಪ, ಜಪನೀಸ್‌ನಲ್ಲಿ ಅಷ್ಟು ರೂಡ್ ಆಗಿ ಕೇಳಕ್ಕಾಗಲ್ಲ.’

‘ಎಷ್ಟು ಆಗತ್ತೋ ಅಷ್ಟು ರೂಡ್ ಆಗಿ ಕೇಳು.’

ಅವಳು ಸುಮಿಮಾಸೆನ್, ಕ್ಷಮಿಸಿ, ಎಂದು ಶುರುಮಾಡಿ, ಎರಡು ಸಲ ತಲೆ ಬಾಗಿಸಿ, ಏನೋ ಕೇಳಿದಳು. ಮುದುಕರು ತೋರುಬೆರಳಿನಿಂದ ತಮ್ಮ ಮೂಗನ್ನೇ ಮುಟ್ಟಿ ತೋರಿಸಿದರು. ಇಲ್ಲಿ ‘ನಾನು’ ಎನ್ನಲು ಎದೆ ಮುಟ್ಟುವುದಿಲ್ಲ, ಮೂಗು ಮುಟ್ಟುತ್ತಾರೆ. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಕಿತ್ತವರೇ ಸಿಕ್ಕ ಮೇಲೆ ಬಿಡುತ್ತೇನೆಯೇ? ದಾರಿಯ ಕಲ್ಲನ್ನು ದಾರಿಯಿಂದ ತೆಗೆದರೆ ಅದಕ್ಕೇನು ಅರ್ಥ, ಇನ್ನೂರು ಮುನ್ನೂರು ವರ್ಷ ಒಂದು ಕಡೆ ನಿಂತದ್ದನ್ನು ಎತ್ತಲು ನೀವು ಯಾರು, ನಿಮ್ಮ ಅನುಕೂಲವೇ ಮುಖ್ಯವಾಯಿತೇ, ಯಾರನ್ನಾದರೂ ಒಂದು ಮಾತು ಕೇಳಿದಿರಾ? ಇಷ್ಟನ್ನೂ ಕನ್ನಡದಲ್ಲಿ ಸುರಿದೆ. ಮಗಳು ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ನೀಟಾಗಿ, ಒಂದೊಂದಾಗಿ, ಎಲ್ಲವನ್ನೂ ಹೇಳಿದಳು. ಅಷ್ಟು ಹೊತ್ತು ಹೇಳಿದ್ದರಿಂದ ಏನನ್ನೂ ಬಿಟ್ಟಿಲ್ಲ ಎಂದು ನನಗೆ ಸಮಾಧಾನವೇ ಆಯಿತು.

ಮುದುಕರು ಸಿಟ್ಟಾಗಲಿಲ್ಲ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಹೇಳುತ್ತ ಹೋದರು. ಅವರ ಮಾತು ಮಗಳ ಬಾಯಲ್ಲಿ ನನಗೆ ಬಂತು.

‘ರೋಡ್ ವೈಡನಿಂಗ್ ಬಂತಂತೆ. ಆಗ ಇವರೇ ಊರಿನ ಕಮಿಟಿ ಹೆಡ್ ಅಂತೆ. ಎಲ್ಲಾ ಮನೆಗೂ ಹೋಗಿ ಕೇಳಿದ್ರಂತೆ. ಕಲ್ಲು ಇಟ್ಟಿದ್ದು ಅವರವರ ಗ್ರೇಟ್ ಗ್ರೇಟ್ ಗ್ರ್ಯಾಂಡ್‌ಫಾದರ್ಸ್ ಅಲ್ವಾ, ಅದಕ್ಕೆ. ತ್ರೀ ವಿಂಟರ್ಸ್ ಮೀಟಿಂಗ್ ಆಯ್ತಂತೆ.’

‘ಮೂರು ಚಳಿಗಾಲನಾ?’

‘ಹೂಂ. ಆಮೇಲೆ ಟೆಂಪಲ್‌ನಿಂದ ಬೋಸಾನ್ ಬಂದು, ಅಂದ್ರೆ ಪ್ರೀಸ್ಟ್, ಕಲ್ಲಿಂದ ಸೋಲ್ ತೆಗೆದ್ರಂತೆ. ಕ್ಯಾರಿ ಮಾಡಿ ಇಲ್ಲಿ ಇಟ್ಟ ಮೇಲೆ ವಾಪಸ್ ಹಾಕಿದ್ರಂತೆ.’

ನಮ್ಮ ಕಡೆ ದೇವಸ್ಥಾನ ಜೀರ್ಣೋದ್ಧಾರ ಮಾಡುವಾಗ ಮೂರ್ತಿಯನ್ನು ಕದಲಿಸುವ ಮೊದಲು ಕಲಾಕರ್ಷಣೆ ಮಾಡುತ್ತಾರೆ. ಮೂರ್ತಿಯೊಳಗಿನ ಕಳೆಯನ್ನು ಕಲಶಕ್ಕೆ ಇಳಿಸಿ, ಕೆಲಸ ಮುಗಿದ ಮೇಲೆ ಮತ್ತೆ ತುಂಬುವುದು. ಅದೇ ಇದು. ನನ್ನ ಕೋಪದ ಗಾಳಿ ಅರ್ಧ ಹೋಯಿತು.

‘ಮತ್ತೆ ಒಂಬತ್ತನೇದು? ಮ್ಯಾಪಲ್ಲಿ ಒಂಬತ್ತಿದೆ.’

ಅವಳು ಕೇಳಿದಳು. ಮುದುಕರು ನಕ್ಕು, ಮೇಲಿನ ಹೊಲಗಳ ಕಡೆ ಕೈ ತೋರಿಸಿದರು. ಒಬ್ಬ ಅಜ್ಜಿ ಬೇಡ ಎಂದಳಂತೆ. ಮೂರು ಚಳಿಗಾಲವೂ ಬೇಡವೆಂದೇ ಹೇಳಿದಳಂತೆ. ಅದಕ್ಕೇ ಅವಳ ಮನೆಯವರು ಇಟ್ಟ ಕಲ್ಲು ಅಲ್ಲಿಯೇ ಉಳಿದು, ರಸ್ತೆಯೇ ಅದನ್ನು ಸುತ್ತಿಕೊಂಡು ಹೋಯಿತಂತೆ.

ಆಮೇಲೆ ಅವರು ಮಗಳಿಗೆ ಏನೋ ಕೇಳಿದರು. ಅವಳು ಚಿಕ್ಕದಾಗಿ ಉತ್ತರ ಕೊಟ್ಟಳು. ಇನ್ನೊಂದು ಕೇಳಿದರು. ಈ ಸಲ ಅವಳ ಉತ್ತರ ಉದ್ದವಾಯಿತು. ಕಣ್ಣು ನೆಲದ ಮೇಲಿತ್ತು, ದನಿ ತಗ್ಗಿತ್ತು. ಮಧ್ಯೆ ಇಂಡೋ ಎಂಬ ಮಾತು ಬಂತು. ಇಂಡೋ ಎಂದರೆ ಇಂಡಿಯಾ.

‘ಏನಂತೆ?’ ಎಂದೆ.

‘ವಿಚ್ ಗ್ರೇಡ್ ಅಂತ ಕೇಳಿದ್ರು.’

ಮುದುಕರು ಕೈಯ ಮಣ್ಣು ಕೊಡವಿಕೊಂಡರು. ಆಮೇಲೆ ಎದ್ದು ನನ್ನ ಕಡೆ ತಿರುಗಿ, ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ, ಪದ ಬಿಡಿಸಿ ಕೇಳಿದರು:

‘ಒತೋಸಾನ್. ಮುಸುಮೆಸಾನ್ ನಿ, ಕಿಕಿಮಾಶಿತಾ ಕಾ?’

ಅಪ್ಪಾ, ಮಗಳನ್ನು ಕೇಳಿದಿರಾ? ಆರು ಪಾಠದ ಜಪಾನೀ ಸಾಕಾಯಿತು ಅದಕ್ಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಹೋಗಿ ಹೆಗಲ ಮೇಲಿನ ಮಫ್ಲರ್ ಸರಿಮಾಡಿಕೊಂಡಿತು.

‘ಹೈ,’ ಎಂದೆ. ಹೌದು ಎಂದು. ಮಗಳ ಎದುರಿಗೇ.

ಮುದುಕರು ತಲೆ ಬಾಗಿಸಿದರು, ನಾವೂ ಬಾಗಿಸಿದೆವು, ಅರಿಗಾತೋ ಎಂದೆವು. ಬಕೆಟ್ಟು ಎತ್ತಿಕೊಂಡು ಅವರು ಹೋದರು.

ಒಂಬತ್ತನೆಯ ಕಲ್ಲು ನೋಡಲು ಹತ್ತು ನಿಮಿಷ ಮೇಲಕ್ಕೆ ನಡೆಯಬೇಕು. ಮಗಳು ಮುಂದೆ, ನಾನು ಹಿಂದೆ. ಹತ್ತುತ್ತ ನನ್ನನ್ನು ನಾನೇ ಸಮರ್ಥಿಸಿಕೊಳ್ಳುತ್ತಿದ್ದೆ. ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಎಂದು. ಹಿಂದಿನ ತಿಂಗಳು ಶಾಲೆಯಲ್ಲಿ ಟೀಚರು, ಮಗು, ಪೋಷಕರು ಮೂವರೂ ಕೂತು ಮಾತಾಡುವ ಭೇಟಿ ಇತ್ತು. ಮುಂದೆ ಯಾವ ಹೈಸ್ಕೂಲು ಎಂದು ಟೀಚರು ಕೇಳಿದರು. ಯಾವುದೂ ಇಲ್ಲ, ಮೈಸೂರಿಗೆ ಹೋಗಿ ಓದುತ್ತಾಳೆ ಎಂದು ನಾನು ಕನ್ನಡದಲ್ಲಿ ಹೇಳಿದೆ. ಅವಳಿಗೆ ಈ ವಿಷಯ ಗೊತ್ತಾದದ್ದೇ ಆ ಹೊತ್ತಿನಲ್ಲಿ. ಅವಳು ಅದನ್ನು ಜಪಾನಿಯಲ್ಲಿ ಟೀಚರಿಗೆ ಹೇಳಿದಳು, ಅಳಲಿಲ್ಲ, ತಡವರಿಸಲಿಲ್ಲ. ಟೀಚರು ಬರೆದುಕೊಂಡರು. ಅಷ್ಟು ಸಲೀಸಾಗಿ ಹೇಳಿದಳಲ್ಲ, ಹಾಗಾದರೆ ಒಪ್ಪಿಗೆ ಇದೆ ಎಂದು ನಾನು ತಿಳಿದೆ. ತಿಳಿಯಲು ನನಗೆ ಇಷ್ಟವಿತ್ತು ಎನ್ನುವುದೂ ನಿಜ.

ಕಲ್ಲು ಮೂಲಂಗಿಯ ಹೊಲದ ಅಂಚಿನಲ್ಲಿತ್ತು. ನೆಟ್ಟಗೆ ಬಂದ ಹೊಸ ರಸ್ತೆ ಅಲ್ಲಿ ಮಾತ್ರ ಸೊಂಟ ಕೊಂಕಿಸಿ ಬಳಸಿಕೊಂಡು ಹೋಗಿತ್ತು. ತಿರುವು ಇದೆ ಎಂದು ಹಳದಿ ಫಲಕ ಬೇರೆ. ಅಜ್ಜಿ ಈಗಿಲ್ಲದಿರಬಹುದು. ಯಾರೋ ಒಂದು ಕಿತ್ತಳೆ ಇಟ್ಟಿದ್ದರು. ನಾನು ಫೋಟೊ ತೆಗೆದೆ, ಗೇಣಿನಲ್ಲಿ ಅಳೆದೆ, ಪುಸ್ತಕ ತೆರೆದೆ. ಬರೆಯಲು ಏನೂ ತೋಚಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವನು ಮನೆಯಲ್ಲಿ ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಮೊದಲು, ಆ ಮುದುಕರ ಮೇಲೆ, ಮಗಳ ಮೇಲೆ ಕೋಪ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ.

ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು. ನಿಲ್ದಾಣವೆಂದರೆ ಒಂದು ಕಂಬ, ಒಂದು ಬೆಂಚು. ಗಾಳಿ ಬೀಸುತ್ತಿತ್ತು. ಅನ್ನದುಂಡೆ ಬಿಚ್ಚಿ ಒಂದನ್ನು ಅವಳಿಗೆ ಕೊಟ್ಟೆ.

‘ಪುಟ್ಟಿ, ಮೈಸೂರಿಗೆ ಹೋಗಕ್ಕೆ ನಿಂಗೆ ಇಷ್ಟ ಇದ್ಯಾ?’

ಅವಳು ಪ್ಲಾಸ್ಟಿಕ್ ಹಾಳೆಯನ್ನು ಸುಲಿಯುತ್ತಲೇ ಇದ್ದಳು. ‘ಆ ತಾತ ಹೇಳಿದ್ರು ಅಂತ ಕೇಳ್ತಿದ್ಯಾ?’

ಬೇರೆ ಏನಾದರೂ ಹೇಳಬಹುದಿತ್ತು. ‘ಹೌದು,’ ಎಂದೆ.

ಸುಲಿದ ಹಾಳೆಯನ್ನು ಮಡಿಸಿ ಜೇಬಿಗಿಟ್ಟಳು. ‘ಇಷ್ಟ ಇಲ್ಲ,’ ಎಂದಳು. ‘ನಂಗೆ ಯಾವ ಹೈಸ್ಕೂಲ್ ಬೇಕು ಅಂತ ಗೊತ್ತು. ಫಾರ್ಮ್ ಕೊಡಕ್ಕೆ ಜನವರಿ ಎಂಡ್‌ವರೆಗೂ ಟೈಮ್ ಇದೆ. ಅತ್ತೆ ಮನೆ ಇಷ್ಟಾನೇ ಅಪ್ಪ. ಸಮ್ಮರ್‌ಗೆ ಹೋಗ್ತೀನಿ. ಇರಕ್ಕೆ ಹೋಗಲ್ಲ.’

ನನ್ನ ಹತ್ತಿರ ವಾದಗಳು ಬೇಕಾದಷ್ಟಿದ್ದವು. ಪಿಯುಸಿ, ಕನ್ನಡ, ಬೇರು, ನಾಳೆ ನನ್ನ ಪೋಸ್ಟಿಂಗ್ ಮುಗಿದರೆ ಎಂಬ ಹೆದರಿಕೆ. ಮೊದಲನೆಯದು ಬಾಯಿ ತುದಿಗೂ ಬಂತು. ನುಂಗಿಕೊಂಡೆ. ಇನ್ನು ಐದು ನಿಮಿಷ ತಡೆದರೆ ಧೈರ್ಯ ಹೋಗುತ್ತದೆ ಎಂದು ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ಗಾಳಿಗೆ ಕೇಳಿಸದೆಂದು ಸ್ಪೀಕರಿಗೆ ಹಾಕಿ ಬೆಂಚಿನ ಮೇಲೆ, ನಮ್ಮಿಬ್ಬರ ನಡುವೆ ಇಟ್ಟೆ.

‘ನೂರು ವರ್ಷ ಆಯಸ್ಸು ಕಣೋ ನಿಂಗೆ!’ ಎಂದಳು ಅಕ್ಕ. ‘ಈಗ ತಾನೇ ನಿನ್ನ ಮಗಳ ರೂಮಿಗೆ ಕರ್ಟನ್ ಅಳತೆ ತಗೊಳ್ತಿದ್ದೆ. ಅವಳಿಗೆ ಯಾವ ಬಣ್ಣ ಇಷ್ಟಾನೋ?’

‘ಅಕ್ಕ, ಕರ್ಟನ್ ಬೇಡ. ಅವಳು ಬರಲ್ಲ.’

‘ಬರಲ್ವಾ? ಯಾಕೋ? ಏನಾಯ್ತು? ಅತ್ತೆ ಮನೆಗೆ ಬರ್ತೀನಿ ಅಂತ ಅವಳೇ ಬಾಯಿಬಿಟ್ಟು ಹೇಳಿದ್ಲು ಅಂದ್ಯಲ್ಲೋ ಅವತ್ತು!’

ಮಗಳು ಅನ್ನದುಂಡೆಯನ್ನು ತೊಡೆಯ ಮೇಲಿಟ್ಟಳು. ಅಕ್ಕನ ಕನ್ನಡ ಅವಳಿಗೆ ಒಂದಕ್ಷರ ಬಿಡದೆ ಅರ್ಥವಾಗಿತ್ತು.

‘ಯಾವಾಗ ಹೇಳ್ದೆ ನಾನು?’

‘ಸ್ಕೂಲಲ್ಲಿ,’ ಎಂದೆ. ‘ಟೀಚರ್ ಕೇಳ್ದಾಗ. ನೀನೇ ಹೇಳಿದ್ಯಲ್ಲ ಅವರಿಗೆ.’

‘ಅಪ್ಪ,’ ಎಂದಳು. ಕೋಪವಿರಲಿಲ್ಲ. ಇಷ್ಟು ಸುಲಭದ್ದು ನನಗೆ ಯಾಕೆ ತಿಳಿಯುತ್ತಿಲ್ಲ ಎಂಬ ಆಶ್ಚರ್ಯವೇ ಇತ್ತು. ‘ಅದು ನಿನ್ನ ಮಾತು. ನಾನು ಟ್ರಾನ್ಸ್‌ಲೇಟ್ ಮಾಡಿದ್ದು ಅಷ್ಟೆ.’

ಗಾಳಿಯಲ್ಲಿ ಅಕ್ಕನಿಗೆ ಅದು ಸರಿಯಾಗಿ ಮುಟ್ಟಲಿಲ್ಲ. ‘ಹಲೋ? ಹಲೋ? ಏನೋ ಅದು? ಏನಂತಾಳೋ ಅವಳು?’ ಎಂದು ಒಂದೇ ಸಮನೆ ಕೇಳುತ್ತಿದ್ದಳು. ನಾನು ಫೋನನ್ನು ಬಾಯಿಯ ಹತ್ತಿರ ತಂದು, ಏನನ್ನೂ ಕೂಡಿಸದೆ, ಏನನ್ನೂ ಬಿಡದೆ, ಮಗಳು ಹೇಳಿದ್ದನ್ನು ಅಕ್ಕನಿಗೆ ಹೇಳಿದೆ.